ಆರಕ್ಕೂ ಒಂದೇ ಗಾಳಿ

“ಅಜ್ಜಾರ, ನಾ ಹನ್ನೊಂದ ವರ್ಷ ಮಾಡಿದ್ದೆಲ್ಲಾ ಸುಳ್ಳೇನ್ರಿ?”

ಗದಿಗೆಪ್ಪ ಈ ಪ್ರಶ್ನೆ ಕೇಳಿದಾಗ ಅವನ ಬಟ್ಟೆಯ ಗಂಟು ಮಠದ ಕಟ್ಟೆಯ ಮೇಲೆ ಸಿದ್ಧವಾಗಿ ಕೂತಿತ್ತು. ಉತ್ತರ ಹೌದು ಎಂದಾದರೆ ಅದನ್ನೆತ್ತಿಕೊಂಡು ಮುಂದಿನ ಬಸ್ಸಿಗೆ ಹೊರಡುವುದೆಂದು ಅವನು ತೀರ್ಮಾನಿಸಿದ್ದ. ಮಠದ ಗುರು ಸಂಗಯ್ಯಜ್ಜ ಗಂಟನ್ನೂ ನೋಡಿದರು, ಅವನ ಮುಖವನ್ನೂ ನೋಡಿದರು. ಏನಾಯಿತು ಹೇಳು ಎಂದರು.

ಆದದ್ದು ಇಷ್ಟು. ಗದಿಗೆಪ್ಪ ಶಾಲೆಯ ಮಾಸ್ತರಿಕೆ ಬಿಟ್ಟು ಮಠ ಸೇರಿದವನು. ಹನ್ನೊಂದು ವರ್ಷ ಒಂದು ದಿನವೂ ತಪ್ಪದೆ ಉಸಿರಿನ ಸಾಧನೆ ಮಾಡಿದ್ದ. ಈಗ ಮೂರು ತಾಸು ಅಲುಗಾಡದೆ ಕೂರುತ್ತಿದ್ದ. ಮೂಗಿನ ಮೇಲೆ ಕೂತ ನೊಣಕ್ಕೇ ಬೇಜಾರಾಗಿ ಎದ್ದು ಹೋಗಬೇಕು, ಅಷ್ಟು ಗಟ್ಟಿ. ಹಿಂದಿನ ದಿನ ಅವನು ಹಾಗೆ ಕೂತಿದ್ದಾಗ ಅಡುಗೆಯ ಫಕೀರವ್ವನ ಕೈ ಜಾರಿ ದೊಡ್ಡ ಹಂಡೆಯ ಮುಚ್ಚಳ ನೆಲಕ್ಕೆ ಬಿತ್ತು. ಗದಿಗೆಪ್ಪ ಕಣ್ಣು ತೆರೆದ. ಕೂಗಲಿಲ್ಲ. ದನಿ ಏರಿಸದೆ ಆಕೆಗೆ, ನೀ ಮಠದ ಕೂಳಿಗೆ ಬಿದ್ದಾಕಿ ಎಂದ. ಅಷ್ಟೇ. ನೂರು ಜನಕ್ಕೆ ದಿನಾ ಬಡಿಸುವ ಹೆಂಗಸು ಉಗ್ರಾಣದ ಕೀಲಿಕೈಯನ್ನು ಹೊಸ್ತಿಲ ಮೇಲಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡು ತಂಗಿಯ ಊರಿಗೆ ಹೊರಟುಹೋದಳು.

ಗದಿಗೆಪ್ಪನಿಗೆ ಅರ್ಥವಾಗದ್ದು ಒಂದೇ. ಮಠಕ್ಕೆ ಬಂದ ಹೊಸದರಲ್ಲಿ ಅವನು ಇದೇ ಫಕೀರವ್ವನ ಮೇಲೆ ದಿನಕ್ಕೆರಡು ಸಲ ಗಂಟಲು ಹರಿಯುವಂತೆ ಕೂಗಾಡುತ್ತಿದ್ದ. ಇದಕ್ಕಿಂತ ಕೆಟ್ಟ ಮಾತುಗಳನ್ನೇ ಆಡಿದ್ದ. ಆಕೆ ನಕ್ಕು, ಮಾಸ್ತರಿಗೆ ಹಸಿವಾಗಿದೆ ಎಂದು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಆಗ ಸಾಧನೆ ಇರಲಿಲ್ಲ, ಸಿಟ್ಟಿತ್ತು, ಯಾರೂ ಅಳುತ್ತಿರಲಿಲ್ಲ. ಈಗ ಸಾಧನೆ ಇದೆ, ಕೂಗಾಟವಿಲ್ಲ, ಮೆಲ್ಲಗೆ ಆಡಿದ ಒಂದು ಮಾತಿಗೆ ಒಬ್ಬಳು ಮನೆ ಬಿಟ್ಟಂತೆ ಮಠ ಬಿಟ್ಟಳು. ಹಾಗಾದರೆ ಇಷ್ಟು ವರ್ಷ ತಾನು ಕಣ್ಣು ಮುಚ್ಚಿಕೊಂಡು ಕೂತು ಮಾಡಿದ್ದಾದರೂ ಏನು?

ಸಂಗಯ್ಯಜ್ಜ ಮಠದ ಗಾದಿಗೆ ಬರುವ ಮೊದಲು ಹತ್ತೊಂಬತ್ತು ವರ್ಷ ಗ್ಯಾರೇಜಿನಲ್ಲಿ ದುಡಿದವರು. ಬೇರೆ ಮಠಗಳ ದೃಷ್ಟಾಂತಗಳಲ್ಲಿ ಹಂಸ ಬರುತ್ತದೆ, ಕಮಲ ಬರುತ್ತದೆ. ಅಜ್ಜನ ದೃಷ್ಟಾಂತಗಳಲ್ಲಿ ಗೇರು ಬರುತ್ತದೆ, ಬೆಲ್ಟು ಬರುತ್ತದೆ. ದೂರದಿಂದ ಬಂದ ಪಂಡಿತರು ಇದಕ್ಕೆ ಮುಖ ಸಿಂಡರಿಸುವುದುಂಟು. ಅಜ್ಜನಿಗೆ ಅದರ ಪರಿವೆ ಇಲ್ಲ. ಅವರು ಕಾಲು ಮಡಿಚಿ ಕೂತು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮಿಸ್ತ್ರಿ ಇದ್ದ. ಅವನ ಹತ್ತಿರ ಆರು ಸಿಲಿಂಡರಿನ ಒಂದು ಹಳೆಯ ಕಾರಿತ್ತು. ಅದು ಅವನ ಜೀವ. ಒಳ್ಳೆಯ ಕಾರು, ಆದರೆ ವಯಸ್ಸಾಗಿತ್ತು. ಗುಡ್ಡದ ಏರಿನಲ್ಲಿ ಲಾರಿಗಳೂ ಅದನ್ನು ಹಿಂದೆ ಹಾಕುತ್ತಿದ್ದವು. ಮಿಸ್ತ್ರಿಗೆ ಇದು ಸಹಿಸಲಾಗಲಿಲ್ಲ. ಅವನು ಸೂಪರ್‌ಚಾರ್ಜರ್ ಕಿಟ್ ಒಂದನ್ನು ತರಿಸಿದ.

ಎಂಜಿನ್ನಿಗೂ ಉಸಿರು ಬೇಕು. ಗಾಳಿ ಒಳಗೆ ಹೋಗಬೇಕು, ಪೆಟ್ರೋಲು ಅದರೊಂದಿಗೆ ಬೆರೆಯಬೇಕು, ಕಿಡಿ ಹತ್ತಬೇಕು, ಆಗ ಗಾಡಿ ನಡೆಯುತ್ತದೆ. ಸಾಮಾನ್ಯ ಎಂಜಿನ್ ತನ್ನಿಂದಾದಷ್ಟು ಗಾಳಿ ಎಳೆದುಕೊಂಡು ಸುಮ್ಮನಾಗುತ್ತದೆ. ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ತುಂಬುತ್ತದೆ. ಅದನ್ನು ತಿರುಗಿಸುವುದು ಬೇರೆ ಯಾರೂ ಅಲ್ಲ, ಅದೇ ಎಂಜಿನ್ನು, ಒಂದು ಬೆಲ್ಟಿನಿಂದ. ತನ್ನ ಬಲದಲ್ಲಿ ಒಂದಿಷ್ಟನ್ನು ಮೊದಲು ಕೊಡುತ್ತದೆ, ಆಮೇಲೆ ಅದರ ಹಲವು ಪಟ್ಟು ಪಡೆಯುತ್ತದೆ.

ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಿಸ್ತ್ರಿ ಪೆಟ್ಟಿಗೆ ಬಿಚ್ಚಿದ. ಜೊತೆಗಿದ್ದ ಪುಸ್ತಕದಲ್ಲಿ ಮೊದಲ ಪುಟದಲ್ಲೇ ಬರೆದಿತ್ತು: ಕಿಟ್ ಕೂರಿಸುವ ಮುನ್ನ ಪ್ರತಿ ಸಿಲಿಂಡರಿನ ಒತ್ತಡ ಅಳೆಯಬೇಕು. ಮಿಸ್ತ್ರಿ ಅಳೆದ. ಐದರಲ್ಲಿ ಗೇಜಿನ ಮುಳ್ಳು ಒಂದೇ ಕಡೆ ಬಂದು ನಿಂತಿತು. ನಾಲ್ಕನೆಯದರಲ್ಲಿ ಬಹಳ ಕೆಳಗೇ ನಿಂತುಬಿಟ್ಟಿತು. ಒತ್ತಡ ಕೆಳಗೆ ಸೋರದಂತೆ ತಡೆಯುವ ಅದರ ಪಿಸ್ಟನ್ನಿನ ರಿಂಗುಗಳು ಸವೆದಿದ್ದವು. ಮಿಸ್ತ್ರಿಗೆ ಇದು ಹೊಸ ಸುದ್ದಿಯೇನಲ್ಲ. ಎಷ್ಟೋ ವರ್ಷದಿಂದ ಗಾಡಿ ನಿಂತಾಗ ಅದರ ಎಂಜಿನ್ ಸಣ್ಣಗೆ ಕುಂಟುತ್ತಿತ್ತು. ಅವನು ಅದನ್ನು ಕಾರಿನ ಗುಣವೆಂದು ತಿಳಿದು ಸುಮ್ಮನಿದ್ದ. ಐದು ಸೇರಿ ಒಂದನ್ನು ಎಳೆದುಕೊಂಡು ಹೋಗುತ್ತಿದ್ದವು.

ಎಂಜಿನ್ ಬಿಚ್ಚಿ ರಿಂಗು ಹಾಕಲು ಹದಿನೈದು ದಿನ ಬೇಕು. ಮಹಾನವಮಿಗೆ ಉಳಿದದ್ದು ಆರೇ ದಿನ. ಅಂದು ಆಯುಧಪೂಜೆ. ಪಾನಾ, ಸುತ್ತಿಗೆ, ಇಕ್ಕಳ ಎಲ್ಲವನ್ನೂ ತೊಳೆದು ಪೂಜೆಗಿಟ್ಟರೆ ಮರುದಿನದ ತನಕ ಮುಟ್ಟುವಂತಿಲ್ಲ. ಮರುದಿನ ವಿಜಯದಶಮಿ. ಊರಿನ ಸೀಮೆ ದಾಟಿ ಹೋಗಿ ಬನ್ನಿ ತರುವ ದಿನ. ಈ ಸಲ ಸೀಮೆ ದಾಟುವ ಮೊದಲ ಗಾಡಿ ತನ್ನದೇ ಎಂದು ಮಿಸ್ತ್ರಿ ಚಹಾದಂಗಡಿಯಲ್ಲಿ ಕೂತವರಿಗೆಲ್ಲ ಹೇಳಿಬಿಟ್ಟಿದ್ದ. ಬಾಯಿ ಬಿಟ್ಟಾದ ಮೇಲೆ ಗಂಡಸಿಗೆ ಗೇಜು ಕಾಣಿಸುವುದಿಲ್ಲ. ಗಾಳಿ ಹೆಚ್ಚಾದರೆ ನಾಲ್ಕನೆಯದಕ್ಕೂ ಬಲ ಬಂದೀತು ಎಂದು ತನಗೆ ತಾನೇ ಹೇಳಿಕೊಂಡು ಅವನು ಗೇಜನ್ನು ಒರೆಸಿ ಡಬ್ಬಿಯಲ್ಲಿಟ್ಟ.

ಉಳಿದದ್ದನ್ನೆಲ್ಲ ಅವನು ಚಾಚೂ ತಪ್ಪದೆ ಮಾಡಿದ. ಬೆಲ್ಟಿನ ಬಿಗುವು ಸರಿ ನೋಡಿದ. ಗಾಳಿ ಹೆಚ್ಚಿದ್ದಕ್ಕೆ ತಕ್ಕಂತೆ ಪೆಟ್ರೋಲು ಹೆಚ್ಚಿಸಿದ. ಕಿಡಿ ಹತ್ತುವ ಹೊತ್ತನ್ನು ತುಸು ತಡವಾಗಿಸಿದ. ಹೆಂಡತಿ ಮೂರು ಸಲ ಊಟಕ್ಕೆ ಕರೆದು, ನಾಲ್ಕನೆಯ ಸಲ ತಟ್ಟೆಯನ್ನೇ ಶೆಡ್ಡಿಗೆ ತಂದಿಟ್ಟು ಬೈದು ಹೋಗುತ್ತಿದ್ದಳು. ನವಮಿಯ ಬೆಳಿಗ್ಗೆ ಕೊನೆಯ ಬೋಲ್ಟು ಬಿಗಿದು, ಪಾನಾ ತೊಳೆದು ಪೂಜೆಗಿಟ್ಟ.

ದಶಮಿಯ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಕಾರು ಹತ್ತಿದರು. ಎಂಜಿನ್ ಶುರುವಾಯಿತು. ಹಳೆಯ ಸದ್ದಿನ ಮೇಲೆ ಹೊಸದೊಂದು ಸಣ್ಣ ಸ್ವರ ಕೇಳಿಸಿತು, ಕುಕ್ಕರು ಸೀಟಿ ಹೊಡೆಯುವ ಮೊದಲು ಎಳೆಯುತ್ತದಲ್ಲ, ಹಾಗೆ. ಊರು ದಾಟಿದರು. ಗುಡ್ಡದ ಏರು ಬಂತು. ಮೂವತ್ತು ವರ್ಷ ಆ ಕಾರು ಆ ಏರನ್ನು ಎರಡನೆಯ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತಿತ್ತು. ಮಿಸ್ತ್ರಿಯ ಕೈ ರೂಢಿಯಂತೆ ಗೇರಿನ ಕಡೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಬದಲಿಸುವ ಅಗತ್ಯವೇ ಬೀಳಲಿಲ್ಲ. ಅವನು ಕಾಲನ್ನು ಅರ್ಧ ಎತ್ತಿದ. ಆದರೂ ಕಾರು ಏರುತ್ತಲೇ ಇತ್ತು.

ಹೊಸ ಎಂಜಿನ್ ಹಾಕಿಲ್ಲ. ಹೊಸ ಚಕ್ರ ಹಾಕಿಲ್ಲ. ಹೆಚ್ಚಿಗೆ ಕೊಟ್ಟದ್ದೆಂದರೆ ಗಾಳಿ. ಹೊಲದ ಮೇಲೆ, ಬಚ್ಚಲಲ್ಲಿ, ಖಾಲಿ ಡಬ್ಬಿಯೊಳಗೆ ಎಲ್ಲೆಂದರಲ್ಲಿ ಬಿದ್ದಿರುವ, ಯಾರೂ ತಿರುಗಿ ನೋಡದ ಗಾಳಿ. ಅದಿದ್ದರೆ ಪೆಟ್ರೋಲೂ ಉರಿಯುತ್ತದೆ, ಅದಿಲ್ಲದಿದ್ದರೆ ಟ್ಯಾಂಕು ತುಂಬಿದ್ದೂ ದಂಡ. ಅದನ್ನು ಇಷ್ಟು ಒತ್ತಿ ಕೊಟ್ಟದ್ದಕ್ಕೆ ಇಷ್ಟು ಕಬ್ಬಿಣ ಗುಡ್ಡ ಹತ್ತುತ್ತಿದೆ. ಹುಟ್ಟಿದಾಗಿನಿಂದ ಇದರೊಳಗೇ ಓಡಾಡಿಕೊಂಡಿದ್ದರೂ ತನಗೆ ಇದರ ಪರಿಚಯವೇ ಇರಲಿಲ್ಲವಲ್ಲ ಎಂದು ಮಿಸ್ತ್ರಿಯ ಮೈ ಜುಮ್ಮೆಂದಿತು, ಕಣ್ಣು ತುಂಬಿತು. ಆರು ದಿನದಿಂದ ಆ ಕಿಟ್ಟಿಗೆ ಶಾಪ ಹಾಕುತ್ತಿದ್ದ ಹೆಂಡತಿ ತನಗೇ ತಿಳಿಯದೆ ಬಾನೆಟ್ಟಿನ ಕಡೆ ಕೈ ಮುಗಿದಳು.

ಕತೆ ಇಲ್ಲಿಗೆ ಬಂದಾಗ ಗದಿಗೆಪ್ಪನಿಗೆ ತನ್ನದೇ ಒಂದು ಬೆಳಗು ನೆನಪಾಯಿತು. ಸಾಧನೆಯ ಮೂರನೆಯ ವರ್ಷ, ಉಸಿರು ತಾನಾಗಿ ತೆಳುವಾಗಿ, ತೆಳುವಾಗಿ, ಅಂಗಳದ ಬೇವಿನಿಂದ ಎಲೆ ಕಳಚುವುದೂ ಕೇಳಿಸಿತ್ತು. ಅಂದು ಅವನೂ ಹೀಗೆಯೇ ಬೆರಗಾಗಿ, ಯಾರಿಗೂ ಹೇಳದೆ, ಇಡೀ ದಿನ ಗೋಡೆ ಹಿಡಿದುಕೊಂಡು ಓಡಾಡಿದ್ದ. ಅದು ಸುಳ್ಳಾಗಿತ್ತೆಂದು ನಂಬಲು ಅವನಿಗೆ ಈಗಲೂ ಮನಸ್ಸಿರಲಿಲ್ಲ.

ಅಜ್ಜ ಮುಂದುವರಿಸಿದರು. ಎರಡನೆಯ ಏರು ಬಂದಾಗ ಮಿಸ್ತ್ರಿ ಕಾಲನ್ನು ಪೂರ್ತಿ ಒತ್ತಿದ. ಐದು ಸಿಲಿಂಡರುಗಳು ಹುಲಿಗಳಾದವು. ನಾಲ್ಕನೆಯದರಲ್ಲೂ ಅಷ್ಟೇ ಗಾಳಿ ಹೋಯಿತು, ಅಷ್ಟೇ ಬೆಂಕಿ ಹತ್ತಿತು. ಸವೆದ ರಿಂಗು ಆ ಬೆಂಕಿಯನ್ನು ತಡೆಯಲಾರದೆ ಕೆಳಗಿನ ಆಯಿಲಿಗೆ ಬಿಟ್ಟುಕೊಟ್ಟಿತು. ಆಯಿಲು ನೋಡುವ ಕಡ್ಡಿ ಹಾರಿ ಬಿತ್ತು. ಕಾದ ಕೊಳವೆಯ ಮೇಲೆ ಆಯಿಲು ಚೆಲ್ಲಿ ರಸ್ತೆಯೆಲ್ಲ ಹೊಗೆಯಾಯಿತು. ಒಳಗೆ ಯಾರೋ ಸುತ್ತಿಗೆಯಿಂದ ಹೊಡೆದಂತೆ ಹತ್ತಾರು ಏಟು ಕೇಳಿಸಿ ಎಂಜಿನ್ ನಿಂತಿತು. ಊರಿನ ಸೀಮೆಯಾಚೆ, ಬನ್ನಿಗಿಡದ ಈಚೆ ಕಾರು ಕೂತುಬಿಟ್ಟಿತು.

ಹೊಗೆ ಇಳಿದ ಮೇಲೆ ಹೆಂಡತಿ ಕೇಳಿದಳು:

“ಐದು ಛಲೋ ಇದ್ದುವಲ್ಲ. ಗಾಳಿ ಅವಕ್ಕಷ್ಟ ಹೋಗೂ ಹಂಗ ಮಾಡಾಕ ಬರತಿರಲಿಲ್ಲೇನು?”

“ಆರಕ್ಕೂ ಹೋಗೂದು ಒಂದ ಗಾಳಿ. ಯಾವುದು ಛಲೋ ಐತಿ, ಯಾವುದು ಸವದೈತಿ ಅಂತ ಅದು ಕೇಳೂದಿಲ್ಲ,” ಎಂದ ಮಿಸ್ತ್ರಿ.

ಎರಡು ದಿನ ಬಿಟ್ಟು ಅವನು ಎಂಜಿನ್ ಬಿಚ್ಚಿದ. ಐದು ಪಿಸ್ಟನ್ನುಗಳು ಇದ್ದ ಹಾಗೇ ಇದ್ದವು. ನಾಲ್ಕನೆಯದು ಮೂರು ಹೋಳಾಗಿತ್ತು. ಅವನು ಆ ಹೋಳುಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಶೆಡ್ಡಿನ ಬಾಗಿಲಲ್ಲಿ ಕೂತಿದ್ದ. ನೋಡಿದವರು ಪಾಪ, ದುಃಖ ಎಂದುಕೊಂಡರು. ದುಃಖವಿತ್ತು, ನಿಜ. ಆದರೆ ಗುಡ್ಡದ ಏರಿನಲ್ಲಿ ಅವನಿಗೆ ಆದ ಬೆರಗು ಇನ್ನೂ ಇಳಿದಿರಲಿಲ್ಲ.

ಅಜ್ಜನ ಕತೆ ಅಲ್ಲಿಗೆ ನಿಂತಿತು.

ಗದಿಗೆಪ್ಪ ಶಾಸ್ತ್ರ ಓದಿದವನು. ಸುಮ್ಮನೆ ಬಿಟ್ಟಾನೆಯೇ? ಬೆರಳು ಮಡಿಚಿ ಕಾಮ, ಕ್ರೋಧ, ಲೋಭ ಎಂದು ಆರನ್ನೂ ಎಣಿಸಿದ. ತನ್ನಲ್ಲಿ ಸವೆದದ್ದು ಕ್ರೋಧ, ಅದು ಎರಡನೆಯದಾದ್ದರಿಂದ ಕೆಟ್ಟದ್ದು ಎರಡನೆಯ ಸಿಲಿಂಡರಾಗಬೇಕಿತ್ತಲ್ಲ ಎಂದು ಸಂಶಯ ತೆಗೆದ. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕಾರು ಶಾಸ್ತ್ರ ಓದಿರಲಿಲ್ಲ, ನಾಲ್ಕನೆಯದೇ ಕೆಟ್ಟಿತು ಎಂದರು. ಕಿಟ್ಟನ್ನು ಆಮೇಲೆ ಮಿಸ್ತ್ರಿ ಕಿತ್ತು ಹಾಕಿದನೇ, ಉಳಿಸಿಕೊಂಡನೇ ಎಂದು ಗದಿಗೆಪ್ಪ ಕೇಳಿದ. ಅಜ್ಜ ಮಡಿಚಿದ್ದ ಕಾಲನ್ನು ಚಾಚಿ ಮೊಣಕಾಲು ನೀವಿಕೊಂಡರು.

ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಗದಿಗೆಪ್ಪನ ಕೈ ಗಂಟಿನ ಮೇಲೆ ಬಿತ್ತು. ಕತೆಯಲ್ಲಿ ಅವನಿಗೆ ಗಾಳಿ ಸಿಕ್ಕಿತ್ತು, ಎಂಜಿನ್ ಸಿಕ್ಕಿತ್ತು, ತಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿರಲಿಲ್ಲ. ಅವನು ಹನ್ನೊಂದು ವರ್ಷದಲ್ಲಿ ಮೊದಲ ಸಲ ಗುರುವಿನ ಎದುರು ದನಿ ಗಟ್ಟಿ ಮಾಡಿದ.

“ಕತಿ ಖರೇನ ಛಲೋ ಐತ್ರಿ ಅಜ್ಜಾರ. ಆದ್ರ ನನ್ನ ಸಾಧನಾ ಸುಳ್ಳೋ ಖರೆಯೋ, ಅದನ್ನ ನೀವು ಹೇಳಲಿಲ್ರಿ.”

ಅಜ್ಜನ ಮುಖದಲ್ಲಿ ನಗೆ ಉಳಿದಿರಲಿಲ್ಲ. ಅವರು ಗದಿಗೆಪ್ಪನನ್ನೇ ನೋಡಿ, ಮೆಲ್ಲಗೆ, ದನಿ ಏರಿಸದೆ ಹೇಳಿದರು:

“ಸುಳ್ಳ ಆಗಿದ್ರ ಫಕೀರವ್ವ ನಿನ್ನೆನೂ ನಕ್ಕ ಬಿಡತಿದ್ಲೋ, ತಮ್ಮಾ.”