ಸಿಡುಕಿದ ಪ್ರೊಸೆಸರ್, ಸುಮ್ಮನಿದ್ದ ಕಾರ್ಡ್

ರೋಹಿಣಿ ಆಟವಾಡುವ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಪ್ರೊಸೆಸರ್ ಮತ್ತು ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಜೊತೆಯಾಗಿ ದುಡಿಯುತ್ತಿದ್ದವು. ಪ್ರೊಸೆಸರ್ ಚುರುಕು, ಕಾರ್ಡ್ ನಿಧಾನ.

"ನನ್ನ ಲೆಕ್ಕ ಆಗಲೇ ಮುಗಿಯಿತು. ನಿನ್ನಿಂದಾಗಿ ನಾನು ಕೈಕಟ್ಟಿ ಕೂರಬೇಕೆ?" ಎಂದು ಪ್ರೊಸೆಸರ್ ದಿನವೂ ಸಿಡುಕುತ್ತಿತ್ತು. ಕಾರ್ಡ್ ಮರುಮಾತಾಡುತ್ತಿರಲಿಲ್ಲ. ಕಾದು ಬಿಸಿಯಾಗಿದ್ದರೂ ಮುಂದಿನ ಚಿತ್ರಕ್ಕೆ ಕೈಹಾಕುತ್ತಿತ್ತು.

ಪರದೆಯ ಮೇಲೆ ಆಟ ತಡವರಿಸಿ ತಡವರಿಸಿ ಕೊನೆಗೆ ರೋಹಿಣಿಗೂ ಬೇಸರವಾಯಿತು. "ಅಷ್ಟು ದೊಡ್ಡ ಕಾರ್ಡ್ ಬೇಡಮ್ಮ, ನಿಮ್ಮ ಪ್ರೊಸೆಸರ್ ಅದಕ್ಕೆ ಸಾಲದು" ಎಂದು ಅಂಗಡಿಯವರು ಹೇಳಿದರೂ ಕೇಳದೆ, ಇದ್ದುದರಲ್ಲೇ ದೊಡ್ಡದನ್ನು ತಂದಳು. ಹಳೆಯದನ್ನು ಬಿಚ್ಚುವಾಗ ಪ್ರೊಸೆಸರ್, "ಸದ್ಯ, ಪೀಡೆ ತೊಲಗಿತು" ಎಂದಿತು.

ಹೊಸ ಕಾರ್ಡ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಚಿತ್ರ ಬಿಡಿಸಿ, "ಎಲ್ಲಿ ಮುಂದಿನದು?" ಎಂದು ಕೇಳಿತು. ಪ್ರೊಸೆಸರ್ ಏದುಸಿರು ಬಿಡುತ್ತ ಲೆಕ್ಕ ಹಾಕತೊಡಗಿತು. ಅದು ಮುಗಿಯುವ ಮೊದಲೇ ಮತ್ತೆ ಗದರಿಕೆ ಬಂತು: "ನಿನ್ನಿಂದಾಗಿ ನಾನು ಕೈಕಟ್ಟಿ ಕೂರಬೇಕೆ?" ಪರದೆಯ ಮೇಲೆ ಆಟ ಮೊದಲಿನಂತೆಯೇ ತಡವರಿಸಿತು.

ಪ್ರೊಸೆಸರಿಗೆ ತಿರುಗಿ ಉತ್ತರ ಕೊಡಬೇಕೆನಿಸಿತು. ಆದರೆ ಉತ್ತರ ಕೊಡುತ್ತ ಕೂತರೆ ಲೆಕ್ಕ ಇನ್ನಷ್ಟು ಹಿಂದೆ ಬೀಳುತ್ತಿತ್ತು. ಹಳೆಯ ಕಾರ್ಡ್ ಯಾಕೆ ಸುಮ್ಮನಿರುತ್ತಿತ್ತು ಎಂದು ಅದಕ್ಕೆ ಆಗ ತಿಳಿಯಿತು.

"ತಪ್ಪಾಯಿತು ಕಣೋ" ಎಂದಿತು ಪ್ರೊಸೆಸರ್.

ಹಳೆಯ ಕಾರ್ಡ್ ದೂರವೇನೂ ಹೋಗಿರಲಿಲ್ಲ. ಅದೇ ಮೇಜಿನ ಮೇಲೆ, ಹೊಸ ಕಾರ್ಡ್ ಬಂದ ಖಾಲಿ ಡಬ್ಬಿಯೊಳಗೆ ಮಲಗಿತ್ತು. ಆದರೆ ಕರೆಂಟಿಲ್ಲದ ಕಾರ್ಡಿಗೆ ಯಾವ ಮಾತೂ ಕೇಳಿಸುವುದಿಲ್ಲ.