ಹೆಬ್ಬಾಗಿಲು ಬಚ್ಚಿಟ್ಟ ಚಿತ್ರ

ಹಿಂದೆ ಕುದುರೆ ಏರಿ ಬಂದ ಪ್ರವಾಸಿಯೊಬ್ಬ ಹಂಪೆಯನ್ನು ಕಂಡು ಬರೆದ ಚಿತ್ರವೊಂದು ಚಿತ್ರಗಾರ್ತಿ ನೀಲಾಂಬಿಕೆಯ ಮೇಜಿಗೆ ಬಂತು. ಅದನ್ನು ನೋಡಿಕೊಂಡು ಅವಳು ಪಕ್ಕದಲ್ಲಿ ಹೊಸ ಪ್ರತಿಯೊಂದನ್ನು ಬರೆಯತೊಡಗಿದಳು. ಗೋಪುರ, ಹೊಳೆ, ಬಂಡೆ ಎಲ್ಲ ಮುಗಿದವು. ಹೆಬ್ಬಾಗಿಲು ಮಾತ್ರ ಉಳಿಯಿತು. ಹಳೆಯ ಚಿತ್ರದಲ್ಲಿ ಅದಿದ್ದ ಮೂಲೆ ಸುರುಳಿ ಸುತ್ತಿಕೊಂಡಿತ್ತು.

"ಅಜ್ಜಾ, ಆ ಮೂಲೆಯನ್ನು ಸ್ವಲ್ಪ ಬಿಚ್ಚಿ," ಎಂದು ಪ್ರತಿ ಹಳೆಯ ಚಿತ್ರವನ್ನು ಕೇಳಿತು.

"ನನ್ನನ್ನು ಬರೆದವನು ಊರನ್ನೇ ಕಂಡಿದ್ದ. ನೀನು ಕಂಡದ್ದು ನನ್ನನ್ನು ಮಾತ್ರ. ಈ ಬಾಗಿಲನ್ನೂ ಕೊಟ್ಟುಬಿಟ್ಟರೆ ಆಮೇಲೆ ನನ್ನನ್ನು ಕೇಳುವವರು ಯಾರು?" ಎಂದು ಹಳೆಯ ಚಿತ್ರ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಿತು.

"ನಿಮ್ಮನ್ನು ನೋಡಿಯೇ ಕಲಿತೆ, ಅದಕ್ಕೆ ನಾಚಿಕೆಯಿಲ್ಲ. ಆದರೆ ಬಾಗಿಲಿಲ್ಲದ ಊರಾಗಿ ನಾನು ಗೋಡೆಯ ಮೇಲೆ ತೂಗುವವಳಲ್ಲ," ಎಂದಿತು ಪ್ರತಿ.

ಬಲವಂತವಾಗಿ ಬಿಚ್ಚಿದರೆ ಹಾಳೆ ಹರಿದೀತೆಂದು ನೀಲಾಂಬಿಕೆ ಹಳೆಯದನ್ನು ಪೆಟ್ಟಿಗೆಯಲ್ಲಿಟ್ಟಳು.

ಮಳೆಗಾಲ ಕಳೆದ ಮೇಲೆ ಪೆಟ್ಟಿಗೆ ತೆರೆದರೆ, ಹುಳಗಳು ಆ ಸುರುಳಿಯೊಳಗೇ ಸೇರಿಕೊಂಡು ಮೂಲೆಯನ್ನೆಲ್ಲ ತಿಂದಿದ್ದವು. ಹಳೆಯ ಚಿತ್ರ ತಲೆ ಎತ್ತಿ ನೋಡಿತು. ಗೋಡೆಯ ಮೇಲಿನ ಪ್ರತಿಯಲ್ಲಿ ಹೆಬ್ಬಾಗಿಲಿತ್ತು.

"ಅದು ನನ್ನ ಬಾಗಿಲಲ್ಲ. ಅದರ ಒಂದು ಕಂಬ ಬಿದ್ದಿದೆ."

"ನಿಮ್ಮದು ಹೇಗಿತ್ತೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ, ಅಜ್ಜಾ. ನೀವು ತೋರಿಸಲಿಲ್ಲವೆಂದು ನೀಲಾಂಬಿಕೆಯೇ ಹಂಪೆಗೆ ಹೋಗಿ ನೋಡಿದಳು. ಕಂಬ ಬಿದ್ದಿತ್ತು, ಬಿದ್ದಂತೆಯೇ ಬರೆದಳು. ಊರೊಳಗೆ ಹೋಗಬೇಕೆಂದರೆ ಇನ್ನು ನಿಮಗೂ ಇದೇ ಬಾಗಿಲು. ಬನ್ನಿ."