ತಾಮ್ರ ಬೇಡವೆಂದವನ ಮಗ

"ಕೇಳಿರಿ ಅಳಿವೆಗಡಿಯ ಪ್ರಜೆಗಳೇ! ರಾಜಕುಮಾರಿ ಸುರಗಿಯವರು ತುಂಬಿದ ಸಭೆಯಲ್ಲಿ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರು ಬೇಡಿದ್ದನ್ನು ಮಹಾರಾಜರು ಕೊಡುತ್ತಾರೆ. ತಪ್ಪಿದವರ ತಲೆ ಸಂಜೆಗೆ ಉರುಳುತ್ತದೆ!"

ಡಂಗುರ ಕೇಳಿ ದೊಡ್ಡ ಮನೆತನದ ಹುಡುಗರು ಮೀಸೆ ತಿರುವಿಕೊಂಡು ಬಂದರು. ಅವರಿಗೆ ಬೇಕಿದ್ದದ್ದು ಸುರಗಿಯ ಕೈ. ಸುರಗಿಗೆ ಬೇಕಿದ್ದದ್ದು ಬೇರೆ. ಅವಳ ಅಪ್ಪ ತಾಮ್ರಶೇಖರನಿಗೆ ತಾಮ್ರದ ಹುಚ್ಚು. ಅಲ್ಯೂಮಿನಿಯಂ ದೋಣಿಗಳ ತಳಕ್ಕೂ ತಾಮ್ರ ಬೆರೆತ ಕೆಂಪು ಬಣ್ಣವನ್ನೇ ಬಳಿಯಬೇಕೆಂದು ಅಪ್ಪಣೆ ಮಾಡಿದ್ದ. ಹಾಗೆ ಬಳಿದ ದೋಣಿಯೊಂದು ನದಿ ಕಡಲು ಸೇರುವ ಅಳಿವೆಯಲ್ಲಿ ಮುಳುಗಿ ಜನ ಸತ್ತಾಗ, ತಪ್ಪು ಬಣ್ಣದ್ದಲ್ಲ, ಬಳಿದವನದ್ದು ಎಂದು ಬಣ್ಣಗಾರ ಕುಪ್ಪಯ್ಯನಿಗೆ ಗಲ್ಲು ವಿಧಿಸಿದ. ತಾಮ್ರವನ್ನು ಹಳಿದವರಿಗೂ ಗಲ್ಲೇ ಎಂದು ಸಾರಿಸಿದ. ತಪ್ಪು ತಾಮ್ರದ್ದೇ ಎಂದ ಮಗಳ ಮಾತನ್ನಂತೂ ನಕ್ಕು ತಳ್ಳಿಹಾಕಿದ.

ಆದರೆ ಆ ರಾಜ್ಯದಲ್ಲಿ ಹಳೆಯ ಕಟ್ಟಳೆಯೊಂದಿತ್ತು. ಒಗಟಿಗೆ ಕೊಟ್ಟ ಸರಿಯುತ್ತರಕ್ಕೆ ಶಿಕ್ಷೆಯಿಲ್ಲ. ಸರಿಯೋ ತಪ್ಪೋ ಹೇಳುವವರು ಒಗಟು ಕೇಳಿದವರೇ. ಅಪ್ಪನೆದುರು ನಿಜ ಹೇಳಿಸಲು ಸುರಗಿ ಹಿಡಿದದ್ದು ಆ ದಾರಿಯನ್ನು.

"ಸುಲಿದ ಮರುಕ್ಷಣವೇ ಮತ್ತೆ ಬೆಳೆಯುವ, ಕಣ್ಣಿಗೆ ಕಾಣದ ಚರ್ಮ ಯಾವುದು?" ಎಂದಳು.

"ಹಾವಿನ ಪೊರೆ!" ಎಂದ ಪಕ್ಕದ ಸೀಮೆಯ ರಾಜಕುಮಾರ. ಭಟರು ಅವನ ರಟ್ಟೆ ಹಿಡಿದರು.

"ಒಲ್ಲದ ಇಬ್ಬರನ್ನು ಬಿಡದಂತೆ ಬೆಸೆದು, ತನ್ನ ಮುಖ ಮಾತ್ರ ಯಾರಿಗೂ ತೋರಿಸದವಳು ಯಾರು?"

"ಮದುವೆ ದಲ್ಲಾಳಿ!" ಎಂದ ಸಾಹುಕಾರನ ಮಗ. ಮದುವೆಯೂಟದಲ್ಲಿ ಮೊದಲ ಪಂಕ್ತಿಗೇ ಕೂರುವವಳು ಮುಖ ತೋರಿಸದೆ ಇರುತ್ತಾಳೆಯೇ? ಅವನನ್ನೂ ಭಟರು ಹಿಡಿದು ನಿಲ್ಲಿಸಿದರು.

"ಕಳ್ಳರನ್ನು ಓಡಿಸುತ್ತಲೇ, ತಾನು ಕಾಯುವ ಮನೆಯನ್ನೇ ತಿನ್ನುವ ಕಾವಲುಗಾರ ಯಾರು?"

ಮಂತ್ರಿಯ ಮಗ ಮುಳುಗಿದ ದೋಣಿಯನ್ನು ಎತ್ತಿಸಿ ತಳ ನೋಡಿದ್ದ; ಅವನಿಗೆ ಉತ್ತರ ಗೊತ್ತಿತ್ತು. ಬಾಯಿ ತೆರೆದ, ರಾಜನ ಮುಖ ನೋಡಿದ, "ಹೆಗ್ಗಣ" ಎಂದ. ರಾಜ ಮೆಚ್ಚಿ ತಲೆದೂಗಿದ. ಸುರಗಿ "ತಪ್ಪು" ಎಂದಳು. ಹೇಡಿತನಕ್ಕೂ ಬೆಲೆ ತಲೆಯೇ, ಅಷ್ಟೆ.

ಆಗ ಬಣ್ಣ ಮೆತ್ತಿದ ಅಂಗಿಯ ತರುಣನೊಬ್ಬ ಭಟರನ್ನು ಸರಿಸಿಕೊಂಡು ಮುಂದೆ ಬಂದ.

"ನಾನು ದೂಮ. ನೀವು ಗಲ್ಲಿಗೆ ಹಾಕೋಕೆ ಇಟ್ಟಿರೋ ಕುಪ್ಪಯ್ಯನ ಮಗ. ಕೈಮುಗಿದು ಬೇಡೋಕೆ ಬಂದಿಲ್ಲ, ಉತ್ತರ ಹೇಳೋಕೆ ಬಂದಿದ್ದೀನಿ."

"ಹೇಳು," ಎಂದಳು ಸುರಗಿ.

"ಮೊದಲನೇದು ಅಲ್ಯೂಮಿನಿಯಂ ಮೇಲಿನ ಪೊರೆ. ಉಜ್ಜಿ ತೆಗೆದ ಕೂಡಲೇ ಗಾಳಿ ತಾಗಿ ಮತ್ತೆ ಕಟ್ಟುತ್ತೆ. ಅದರ ಮೇಲೆ ಬಳಿದ ಬಣ್ಣ ನಿಲ್ಲೋದಿಲ್ಲ. ಅದಕ್ಕೇ ನಮ್ಮಪ್ಪ ತಳ ಉಜ್ಜಿದ ಮೇಲೆ ಊಟಕ್ಕೂ ಏಳೋದಿಲ್ಲ, ಆಗಲೇ ಪ್ರೈಮರ್ ಹಚ್ತಾರೆ. ಆ ಪ್ರೈಮರೇ ಎರಡನೇ ಉತ್ತರ. ಒಂದಕ್ಕೊಂದು ಅಂಟದ ಲೋಹ, ಬಣ್ಣ ಎರಡನ್ನೂ ಹಿಡಿದುಕೊಂಡು, ತಾನು ಒಳಗೇ ಉಳಿಯುತ್ತೆ."

"ಮೂರನೆಯದು?"

ದೂಮ ರಾಜನತ್ತ ತಿರುಗಿದ. "ನಿಮ್ಮ ತಾಮ್ರದ ಬಣ್ಣ. ತಳಕ್ಕೆ ಕಚ್ಚೋ ಚಿಪ್ಪುಹುಳುಗಳನ್ನ ಅದು ಓಡಿಸುತ್ತೆ, ನಿಜ. ಮರದ ದೋಣಿಗೆ ಬಳಿಯಿರಿ, ಯಾರು ಬೇಡ ಅಂತಾರೆ? ಆದರೆ ಪ್ರೈಮರ್ ಒಂದು ಕಡೆ ಗೀರಿ, ಉಪ್ಪುನೀರಲ್ಲಿ ತಾಮ್ರ ತಾಗಿದರೆ ಅಲ್ಯೂಮಿನಿಯಂ ಸವೆದು ತೂತು ಬೀಳುತ್ತೆ. ನಮ್ಮಪ್ಪ ಇದೇ ಮಾತು ಹೇಳಿದ್ದರು. ನಿಮ್ಮ ಭಟರು ಕತ್ತಿ ತೋರಿಸಿ ಬಳಿಸಿದರು."

"ಸುಳ್ಳು!" ರಾಜ ಗುಡುಗಿದ.

"ಸುಳ್ಳಾದರೆ ಬನ್ನಿ. ಅದೇ ಬಣ್ಣದ ಇನ್ನೊಂದು ದೋಣಿ ಕಡವಿನಲ್ಲಿದೆ. ದಿನಾ ಹೆಂಗಸರು, ಮಕ್ಕಳು ಅದರಲ್ಲೇ ದಾಟ್ತಾರೆ. ಇವತ್ತು ನೀವು ಕೂತು ಅಳಿವೆ ದಾಟಿ."

ಸಭೆಯೆಲ್ಲ ರಾಜನನ್ನೇ ನೋಡಿತು. ಅವನು ಸಿಂಹಾಸನದ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. ಆದರೆ ಏಳಲಿಲ್ಲ. ಇನ್ನು ಬೇರೆ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ.

"ಮೂರೂ ಸರಿ," ಎಂದಳು ಸುರಗಿ. ಅವಳ ಕಣ್ಣು ತುಂಬಿತ್ತು. "ಏನು ಬೇಕೋ ಕೇಳು."

ಅರ್ಧ ರಾಜ್ಯ ಕೇಳುತ್ತಾನೆಂದು ಎಲ್ಲರೂ ಕಾದರು.

"ನಮ್ಮಪ್ಪನ್ನ ಬಿಡಿ, ಈ ಮೂವರನ್ನೂ ಬಿಡಿ. ಆ ದೋಣಿಯನ್ನ ಈಗಲೇ ದಡಕ್ಕೆಳೆಸಿ. ಇನ್ಮುಂದೆ ಬಣ್ಣ ಹಚ್ಚುವವನು ಬೇಡ ಅಂದರೆ ರಾಜನಾದರೂ ಸುಮ್ಮನಿರಬೇಕು. ಅಷ್ಟೇ."

ಕುಪ್ಪಯ್ಯನನ್ನು ಸೆರೆಯಿಂದ ನೇರ ದೋಣಿಯ ಬಳಿಗೇ ಕರೆತಂದರು. ಮಗನ ಭುಜ ಹಿಡಿದು ಅವನು ಅತ್ತುಬಿಟ್ಟ. ಆಮೇಲೆ ಅಪ್ಪ ಮಗ ಸೇರಿ ಕೆಂಪು ಬಣ್ಣ ಕೆರೆಯತೊಡಗಿದರು. ಒಳಗಿಂದ ಸವೆದ ಅಲ್ಯೂಮಿನಿಯಂನ ಬಿಳಿ ಪುಡಿ ಉದುರಿತು. ನೋಡುತ್ತ ನಿಂತಿದ್ದ ರಾಜ ಮೆಲ್ಲಗೆ ಕೇಳಿದ:

"ಕುಪ್ಪಯ್ಯ, ಅಂಚಿಗಾದರೂ ಒಂದು ಗೆರೆ ತಾಮ್ರ?"

"ಬೇಡ," ಎಂದ ಕುಪ್ಪಯ್ಯ, ತಲೆಯೆತ್ತದೆ.

ರಾಜ ಸುಮ್ಮನಾದ.